ರೋಮನ್ ಬುಂಕಾ: ಹಿಪ್ಪಿ ಕಾಲದ ಗಿಟಾರ್, ಬೆಂಗಳೂರಿನ ತಾಳ

ರೋಮನ್ ಬುಂಕಾ (1951–2022) ಜರ್ಮನಿಯ ಗಿಟಾರ್ ವಾದಕ. ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿ, ಮ್ಯೂನಿಕ್‌ನ 'ಎಂಬ್ರಿಯೊ' ಎಂಬ ಸೈಕಡೆಲಿಕ್ ರಾಕ್ ತಂಡದಲ್ಲಿ ಹೆಸರು ಮಾಡಿ, ಆಮೇಲೆ ಅರಬ್ ನಾಡಿನ ತಂತಿವಾದ್ಯ ಊದ್ ಹಿಡಿದು ಕೈರೋವರೆಗೂ ಹೋದವರು. ಅವರ ತಂಡಕ್ಕೂ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೂ ಬೆಳೆದ ಒಡನಾಟ ಭಾರತ ಮತ್ತು ರಾಕ್ ಸಂಗೀತದ ಕೊಡುಕೊಳ್ಳುವಿಕೆಯಲ್ಲಿ ಬೇರೆಯದೇ ಒಂದು ಅಧ್ಯಾಯ. ಬೀಟಲ್ಸ್, ಋಷಿಕೇಶ, ಸಿತಾರ್ ಅಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿನ ಮೃದಂಗದ ಮೇಷ್ಟರ ಹತ್ತಿರ ತಾಳದ ಲೆಕ್ಕ ಕಲಿಯಲು ಕೂತ ಜರ್ಮನ್ ಹಿಪ್ಪಿಗಳ ಕಥೆ ಕನ್ನಡದವರಿಗೇ ಅಷ್ಟಾಗಿ ಗೊತ್ತಿಲ್ಲ.

ಹಿನ್ನೆಲೆ

1960ರ ದಶಕದ ಕೊನೆಗೆ ಪಶ್ಚಿಮ ಜರ್ಮನಿಯ ಯುವಕರಿಗೆ ಅಪ್ಪಂದಿರ ಕಾಲದ ಹಾಡು ಬೇಡವಾಗಿತ್ತು. ಆ ಅಪ್ಪಂದಿರು ಹಿಟ್ಲರನ ಕಾಲದಲ್ಲಿ ಬದುಕಿದವರು. ಅಮೆರಿಕ, ಇಂಗ್ಲೆಂಡಿನಿಂದ ಬಂದ ರಾಕ್ ಹಿಡಿಸಿತು, ಆದರೆ ಅದನ್ನೇ ನಕಲು ಮಾಡುತ್ತ ಕೂರಲೂ ಮನಸ್ಸಿರಲಿಲ್ಲ. ಹಾಗಾಗಿ ಕೊಲೋನ್‌ನಲ್ಲಿ 'ಕ್ಯಾನ್', ಮ್ಯೂನಿಕ್‌ನಲ್ಲಿ 'ಅಮೋನ್ ಡ್ಯೂಲ್', 'ಪೋಪೋಲ್ ವೂ' ಮುಂತಾದ ತಂಡಗಳು ತಲೆ ಎತ್ತಿದವು. ಮೂರು ನಿಮಿಷದ ಹಾಡಿನ ಬದಲು ಇಪ್ಪತ್ತು ನಿಮಿಷದ ವಾದ್ಯಮೇಳ, ಒಂದೇ ಶ್ರುತಿಯ ಮೇಲೆ ನಿಂತು ಬೆಳೆಯುವ ನುಡಿಕೆ, ವೇದಿಕೆಯಲ್ಲೇ ಹುಟ್ಟುವ ಕಲ್ಪನೆ ಇವರೆಲ್ಲರ ಗುಣ.

ಎಂಬ್ರಿಯೊ ಹುಟ್ಟಿದ್ದು 1969ರಲ್ಲಿ. ಕಟ್ಟಿದವರು ಡ್ರಮ್ ಮತ್ತು ವೈಬ್ರಫೋನ್ ವಾದಕ ಕ್ರಿಸ್ಟಿಯಾನ್ ಬುರ್ಚರ್ಡ್. ಮೊದಲ ರೆಕಾರ್ಡ್ 'ಓಪಲ್' 1970ರಲ್ಲಿ ಬಂತು. ಗಾಯಕಿ ಬಿಲ್ಲಿ ಹಾಲಿಡೇಗೆ ಪಿಯಾನೊ ನುಡಿಸುತ್ತಿದ್ದ ಅಮೆರಿಕದ ಮ್ಯಾಲ್ ವಾಲ್ಡ್ರನ್ ಆಗ ಮ್ಯೂನಿಕ್‌ನಲ್ಲೇ ನೆಲೆಸಿದ್ದರು, ಅವರೂ ಈ ತಂಡದ ಜೊತೆ ನುಡಿಸಿದರು. ಬುಂಕಾ ಬಂದು ಸೇರಿಕೊಂಡದ್ದು ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ. 1973ರ 'ಸ್ಟೈಗ್ ಆವ್ಸ್' ಮತ್ತು 'ವಿ ಕೀಪ್ ಆನ್' ಎರಡರಲ್ಲೂ ಅವರ ಗಿಟಾರ್ ಇದೆ.

ಆ ಗಿಟಾರಿನ ನಾದ

ಸೈಕಡೆಲಿಕ್ ಗಿಟಾರ್ ಅಂದಾಗ ಎಲ್ಲರಿಗೂ ಮೊದಲು ನೆನಪಾಗುವುದು ಜಿಮಿ ಹೆಂಡ್ರಿಕ್ಸ್. ಎಡಗೈಯವನು, ಬಲಗೈಯವರ ಗಿಟಾರನ್ನೇ ತಲೆಕೆಳಗು ಮಾಡಿ ನುಡಿಸುತ್ತಿದ್ದವನು. 1969ರ ಆಗಸ್ಟ್ 18ರ ಬೆಳಿಗ್ಗೆ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ನುಡಿಸುತ್ತ ಅದರೊಳಗೆ ಬಾಂಬಿನ ಸದ್ದು, ಚೀತ್ಕಾರ ಎಲ್ಲವನ್ನೂ ತಂದವನು. ಅವನ ಕೊನೆಯ ಪೂರ್ಣ ಕಛೇರಿ ನಡೆದದ್ದು ಜರ್ಮನಿಯಲ್ಲೇ, 1970ರ ಸೆಪ್ಟೆಂಬರ್ 6ರಂದು ಫೆಹ್ಮರ್ನ್ ದ್ವೀಪದಲ್ಲಿ. ಅದಾದ ಹನ್ನೆರಡು ದಿನಕ್ಕೆ ಲಂಡನ್ನಿನಲ್ಲಿ ತೀರಿಕೊಂಡ. ವಯಸ್ಸು 27.

ಆ ನಾದದ ಹಿಂದೆ ಮಾಯ ಮಂತ್ರ ಏನಿಲ್ಲ. ಗಿಟಾರಿನ ತಂತಿಯ ಕಂಪನ ವಿದ್ಯುತ್ ಸಂಕೇತವಾಗಿ ಆಂಪ್ಲಿಫೈಯರ್‌ಗೆ ಹೋಗುತ್ತದೆ. ಸಂಕೇತ ಮಿತಿ ಮೀರಿದಾಗ ಅಲೆಯ ತುದಿ ಕತ್ತರಿಸಿಹೋಗಿ ದನಿ ಒರಟಾಗುತ್ತದೆ. ಬೇಕೆಂದೇ ಆ ಒರಟನ್ನು ತರಿಸುವ ಪೆಟ್ಟಿಗೆಗೆ ಫಝ್ ಎನ್ನುತ್ತಾರೆ. ಸ್ಪೀಕರಿನ ಹತ್ತಿರ ಗಿಟಾರ್ ಹಿಡಿದು ನಿಂತರೆ ಸ್ಪೀಕರಿನ ಸದ್ದೇ ತಂತಿಯನ್ನು ಮತ್ತೆ ನಡುಗಿಸಿ, ಮೀಟದಿದ್ದರೂ ಸ್ವರ ಮುಂದುವರಿಯುತ್ತದೆ. ಅದು ಫೀಡ್‌ಬ್ಯಾಕ್. ಮೈಕ್ ಸೆಟ್ಟಿನವನು ಜಾತ್ರೆಯಲ್ಲಿ ಬೈಸಿಕೊಳ್ಳುವ ಅದೇ 'ಕುಂಯ್' ಸದ್ದನ್ನು ಇವರು ಪಳಗಿಸಿ ಸಂಗೀತ ಮಾಡಿಕೊಂಡರು. ಕಾಲಲ್ಲಿ ಒತ್ತಿ ದನಿಯನ್ನು 'ವ–ವಾ' ಎಂದು ಬಾಯಿ ತೆರೆದು ಮುಚ್ಚಿದಂತೆ ಮಾಡುವ ಪೆಡಲ್ ಮತ್ತೊಂದು.

ಬುಂಕಾಗೆ ಇವೆಲ್ಲ ಗೊತ್ತಿದ್ದವು, ಬಳಸಿದರು ಕೂಡ. ಆದರೆ ಹೆಂಡ್ರಿಕ್ಸ್‌ನಂತೆ ಗಿಟಾರಿಗೆ ಬೆಂಕಿ ಹಚ್ಚುವ ಜಾತಿಯಲ್ಲ. ಅವರ ನುಡಿಕೆ ತಂಡದ ತಾಳದೊಳಗೇ ಹೊಕ್ಕು ಓಡಾಡುತ್ತದೆ. ಸಣ್ಣ ಸಣ್ಣ ಪಲುಕು, ಮರುಕಳಿಸುವ ಎಳೆ, ಎಲ್ಲೋ ಒಂದು ಕಡೆ ಥಟ್ಟನೆ ಮೇಲೇಳುವ ಏರು. ಗಿಟಾರಿಗರ ಪಟ್ಟಿಗಳಲ್ಲಿ ಅವರ ಹೆಸರು ಅಷ್ಟಾಗಿ ಕಾಣದೆ ಇರುವುದಕ್ಕೆ ಇದೂ ಒಂದು ಕಾರಣ ಇರಬೇಕು. ಪಟ್ಟಿ ಮಾಡುವವರಿಗೆ ಒಬ್ಬಂಟಿ ವೀರರು ಬೇಕು.

ನಾಗಸ್ವರ ಕಲಿತ ಅಮೆರಿಕನ್

ಎಂಬ್ರಿಯೊ ತಂಡವನ್ನು ದಕ್ಷಿಣ ಭಾರತದ ಕಡೆ ತಿರುಗಿಸಿದವರಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ಮುಖ್ಯರು. ಬಾಸ್ಟನ್ನಿನವರು, ಚಾರ್ಲ್ಸ್ ಮಿಂಗಸ್‌ನಂಥ ದೊಡ್ಡ ಜಾಝ್ ಕಲಾವಿದನ ಜೊತೆ ನುಡಿಸಿದವರು. 1960ರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅಲ್ಲಿನ ತಮಿಳರ ದೇವಸ್ಥಾನದ ನಾಗಸ್ವರ ಅವರ ಕಿವಿಗೆ ಬಿತ್ತು. ಕೇಳಿ ಸುಮ್ಮನಾಗಲಿಲ್ಲ, ವಾದ್ಯವನ್ನೇ ಕಲಿತರು. ನಡುವಯಸ್ಸು ದಾಟುತ್ತಿದ್ದ, ಹೆಸರು ಮಾಡಿದ್ದ ಕಲಾವಿದ ಮತ್ತೆ ಸರಳೆ ವರಸೆಯಿಂದ ಶುರು ಮಾಡುವುದು ಸುಲಭದ ಮಾತಲ್ಲ. 'ವಿ ಕೀಪ್ ಆನ್'ನಲ್ಲಿ ಬುಂಕಾ, ಬುರ್ಚರ್ಡ್ ಜೊತೆ ಮರಿಯಾನೊ ಇದ್ದಾರೆ. ರಾಕ್ ಡ್ರಮ್ಮಿನ ಮೇಲೆ ನಾಗಸ್ವರದ ಕಿವಿ ಇರುವವನು ಊದಿದರೆ ಹೇಗಿರುತ್ತದೆ ಎಂಬುದಕ್ಕೆ ಅದು ಒಳ್ಳೆಯ ಮಾದರಿ.

ಬಸ್ಸಿನಲ್ಲಿ ಪೂರ್ವಕ್ಕೆ

1960–70ರ ದಶಕದಲ್ಲಿ ಇಸ್ತಾಂಬುಲ್, ಟೆಹರಾನ್, ಹೆರಾತ್, ಕಾಬೂಲ್, ಪೆಶಾವರ, ಲಾಹೋರ್ ಮೂಲಕ ದೆಹಲಿಗೆ ರಸ್ತೆಯಲ್ಲೇ ಬರುವುದು ಯುರೋಪಿನ ಹಿಪ್ಪಿಗಳ ವಾಡಿಕೆ. ಅಲ್ಲಿಂದ ಕಠ್ಮಂಡು, ಗೋವಾ, ಗೋಕರ್ಣ, ಹಂಪಿ. ಬಹುಮಂದಿಗೆ ಇದು ಅಗ್ಗದ ಬದುಕು, ಸಮುದ್ರದ ದಂಡೆ, ಗಾಂಜಾ. ಎಂಬ್ರಿಯೊ ತಂಡ 1978–79ರಲ್ಲಿ ಬಸ್ಸುಗಳಲ್ಲಿ ಅದೇ ದಾರಿ ಹಿಡಿಯಿತು. ಬುಂಕಾ ಜೊತೆಗಿದ್ದರು. ವಾದ್ಯ, ಆಂಪ್ಲಿಫೈಯರ್, ಧ್ವನಿಮುದ್ರಣದ ಸಾಮಾನು ಎಲ್ಲವೂ ಬಸ್ಸಿನೊಳಗೆ. ಹೋದ ಊರಲ್ಲೆಲ್ಲ ಅಲ್ಲಿನ ಕಲಾವಿದರನ್ನು ಕಂಡು, ಜೊತೆಗೆ ನುಡಿಸಿ, ಧ್ವನಿಮುದ್ರಿಸಿಕೊಂಡು ಮುಂದೆ ಹೊರಡುವುದು.

ಕಾಲ ಒಳ್ಳೆಯದಿರಲಿಲ್ಲ. 1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಸರ್ಕಾರ ಉರುಳಿತ್ತು. 1979ರ ಜನವರಿಯಲ್ಲಿ ಇರಾನಿನ ಷಾ ದೇಶ ಬಿಟ್ಟ. ಅದೇ ವರ್ಷ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನ ಹೊಕ್ಕಿತು. ಹಿಪ್ಪಿ ಹಾದಿ ಮುಚ್ಚಿಹೋಯಿತು. ಎಂಬ್ರಿಯೊದವರು ಅದು ಮುಚ್ಚುವ ಮೊದಲು ದಾಟಿದ ಕೊನೆಯ ಕೆಲವರಲ್ಲಿ ಸೇರಿದರು. ಈ ಯಾತ್ರೆಯ ಫಲ 1979ರ ಜೋಡಿ ಎಲ್‌ಪಿ 'ಎಂಬ್ರಿಯೋಸ್ ರೈಸೆ' ಮತ್ತು ವೆರ್ನರ್ ಪೆಂಟ್ಸೆಲ್ ತೆಗೆದ 'ವಾಗಬುಂಡೆನ್ ಕರಾವಾನೆ' ಎಂಬ ಚಿತ್ರ. ರೆಕಾರ್ಡ್ ಹೊರತಂದದ್ದು 'ಶ್ನೇಬಾಲ್', ಅಂದರೆ ದೊಡ್ಡ ಕಂಪನಿಗಳ ಹಂಗು ಬೇಡವೆಂದು ಕೆಲವು ತಂಡಗಳೇ ಸೇರಿ ಸಹಕಾರಿ ರೀತಿಯಲ್ಲಿ ನಡೆಸಿದ ಸಂಸ್ಥೆ.

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್

ಇದು 1960ರ ದಶಕದಿಂದ ಬೆಂಗಳೂರಿನಲ್ಲಿ ತಾಳವಾದ್ಯಗಳಿಗೇ ಮೀಸಲಾಗಿ ನಡೆದ ಶಾಲೆ. ಅದರ ಜೀವ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಅವರ ಪತ್ನಿ, ಗಾಯಕಿ ಆರ್.ಎ. ರಮಾಮಣಿ. ಘಟ, ಮೋರ್ಸಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಕಛೇರಿಯಲ್ಲಿ ಪಕ್ಕವಾದ್ಯದವರಿಗೆ ಸಿಗುವುದು ತಾಳವಾದ್ಯಗಳಷ್ಟೇ ನುಡಿಯುವ ಒಂದು ತನಿ ಆವರ್ತನ, ಅದೂ ಸಭಿಕರು ಕಾಫಿಗೆ ಎದ್ದು ಹೋಗುವ ಹೊತ್ತಿಗೆ. ಆ ಪಕ್ಕವಾದ್ಯಗಳನ್ನೇ ನಡುವೇದಿಕೆಗೆ ತಂದದ್ದು ಇವರ ಹೆಚ್ಚುಗಾರಿಕೆ. ರಮಾಮಣಿಯವರು ರಾಗ ಹಾಡುವಷ್ಟೇ ಸಲೀಸಾಗಿ ಕೊನ್ನಕ್ಕೋಲು, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲೇ ಹೇಳುತ್ತಾರೆ, ಬೆಸ ತಾಳಗಳಲ್ಲಿ ಸ್ವಂತ ರಚನೆ ಮಾಡುತ್ತಾರೆ.

ಎಂಬ್ರಿಯೊ ಮತ್ತು ಈ ಕಾಲೇಜಿನ ಕಲಾವಿದರು ಒಟ್ಟಿಗೆ ನುಡಿಸಿದರು. ಅಲ್ಲಿಂದ ಹಲವು ಕವಲು ಒಡೆದವು. ಎಂಬ್ರಿಯೊದಿಂದ ಹೊರಬಂದ ಊವೆ ಮ್ಯುಲ್ರಿಷ್, ಫ್ರೀಡೊ ಯೋಶ್ ಮೊದಲಾದವರು 'ಡಿಸ್ಸಿಡೆಂಟೆನ್' ಎಂಬ ತಂಡ ಕಟ್ಟಿ, 1982ರಲ್ಲಿ ಬೆಂಗಳೂರಿನ ಇದೇ ಕಲಾವಿದರ ಜೊತೆ 'ಜರ್ಮನಿಸ್ತಾನ್' ಹೊರತಂದರು. 1983ರ ಫೆಬ್ರುವರಿಯಲ್ಲಿ ಮರಿಯಾನೊ ಜರ್ಮನಿಯ ಲುಡ್‌ವಿಗ್ಸ್‌ಬುರ್ಗ್‌ನಲ್ಲಿ ರಮಾಮಣಿ, ಮಣಿ, ರಾಜಗೋಪಾಲ್, ಶಶಿಕುಮಾರ್ ಜೊತೆ 'ಜ್ಯೋತಿ' ಧ್ವನಿಮುದ್ರಿಸಿದರು. ಇಸಿಎಂ ಎಂಬ ಹೆಸರಾಂತ ಕಂಪನಿ ಅದನ್ನು ಹೊರತಂದಿತು. ಆ ರೆಕಾರ್ಡಿನ ಮೇಲೆ ಕರ್ನಾಟಕದ ಕಲಾವಿದರು 'ಭಾರತೀಯ ವಾದ್ಯಗಾರರು' ಎಂದು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇಲ್ಲ. ಮರಿಯಾನೊ ಹೆಸರಿನ ಜೊತೆಗೇ ಕಾಲೇಜಿನ ಹೆಸರು ಮುಖಪುಟದಲ್ಲಿದೆ. ಲಂಡನ್ನಿನ ಕೆಲವು ಪ್ರಸಿದ್ಧ ರಾಕ್ ರೆಕಾರ್ಡುಗಳಲ್ಲಿ ಸಿತಾರ್, ತಬಲಾ ನುಡಿಸಿದವರ ಹೆಸರೇ ಹಾಕಿರಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಎದುರು ದಿಕ್ಕಿನಲ್ಲೂ ಒಬ್ಬರು ಹೋದರು. 'ಹ್ಯೂಮನ್ ಬಾಂಡೇಜ್' ಎಂಬ ರಾಕ್ ತಂಡದಲ್ಲಿ ಡ್ರಮ್ ನುಡಿಸುತ್ತಿದ್ದ ಮದ್ರಾಸಿನ ರಮೇಶ್ ಶೋಥಂ ತವಿಲ್ ಕಲಿತು, ಇದೇ ಕಾಲೇಜಿನಲ್ಲಿ ಪಳಗಿ, ಕೊನೆಗೆ ಜರ್ಮನಿಯ ಕೊಲೋನ್‌ನಲ್ಲಿ ನೆಲೆಸಿದರು.

ಕಲಿಸಿದ್ದೇನು?

ಬೀಟಲ್ಸ್‌ನವರು 1965ರಲ್ಲಿ ಮೊದಲ ಬಾರಿಗೆ ಸಿತಾರ್ ಬಳಸಿದಾಗ ಅದರಿಂದ ತೆಗೆದುಕೊಂಡದ್ದು ಮುಖ್ಯವಾಗಿ ಬಣ್ಣ. ಝೇಂಕಾರ, ಶ್ರುತಿ, ಒಂದಷ್ಟು ಪೂರ್ವದೇಶದ ಗುಂಗು. ಅಡಿಯಲ್ಲಿ ಓಡುವ ತಾಳ ಬಹುಪಾಲು ಹಳೆಯ ನಾಲ್ಕರದ್ದೇ. ಬೆಂಗಳೂರಿನಲ್ಲಿ ಸಿಕ್ಕಿದ್ದು ಬೇರೆ. ಇಲ್ಲಿ ಅಡಿಪಾಯವೇ ಬದಲಾಯಿತು.

ಕೊನ್ನಕ್ಕೋಲಿನಲ್ಲಿ ವಾದ್ಯ ಮುಟ್ಟುವ ಮೊದಲು ಬಾಯಲ್ಲಿ ಹೇಳಬೇಕು. 'ತಕಿಟ' ಮೂರು, 'ತಕಧಿಮಿ' ನಾಲ್ಕು, 'ತಧಿಗಿಣತೊಂ' ಐದು. ಮೂರೂ ನಾಲ್ಕೂ ಸೇರಿ ಏಳು, ನಾಲ್ಕೂ ಐದೂ ಸೇರಿ ಒಂಬತ್ತು. ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂದು ಜಾತಿ ಐದು. ಕೈಯಲ್ಲಿ ಆದಿತಾಳ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು–ಹುಸಿ, ಪೆಟ್ಟು–ಹುಸಿ. ಒಟ್ಟು ಎಂಟು. ಒಂದೊಂದು ಎಣಿಕೆಯಲ್ಲಿ ನಾಲ್ಕು ಮಾತ್ರೆ ಹಾಕಿದರೆ ಒಂದು ಆವರ್ತನಕ್ಕೆ 32.

ಈಗ ಒಂದು ಸಣ್ಣ ಮುಕ್ತಾಯ ಮಾಡಿ ನೋಡಿ. ಆವರ್ತನದ ಆರಂಭದಿಂದ 13 ಮಾತ್ರೆ ಬಿಡಿ. ಆಮೇಲೆ 'ತಧಿಗಿಣತೊಂ' ಹೇಳಿ, ಎರಡು ಮಾತ್ರೆ ಸುಮ್ಮನಿರಿ, ಮತ್ತೆ 'ತಧಿಗಿಣತೊಂ', ಮತ್ತೆ ಎರಡು ಮಾತ್ರೆ, ಮೂರನೆಯ 'ತಧಿಗಿಣತೊಂ'. ಐದು, ಎರಡು, ಐದು, ಎರಡು, ಐದು, ಅಂದರೆ 19. ಮೊದಲು ಬಿಟ್ಟ 13 ಕೂಡಿಸಿದರೆ 32. ಮುಂದಿನ ಪೆಟ್ಟು ಸರಿಯಾಗಿ ಸಮದ ಮೇಲೆ, ಅಂದರೆ ಆವರ್ತನದ ಮೊದಲ ಎಣಿಕೆಯ ಮೇಲೆ ಬೀಳುತ್ತದೆ. ನಾಲ್ಕರ ಕೈ, ಐದರ ಬಾಯಿ. ನಡುವೆ ಕೇಳುವವನಿಗೆ ತಾಳ ತಪ್ಪಿತೇನೋ ಎನಿಸುತ್ತದೆ, ಕೊನೆಗೆ ಎರಡೂ ಒಂದೇ ಜಾಗಕ್ಕೆ ಬಂದು ಕೂಡುತ್ತವೆ. ರಾಕ್ ಡ್ರಮ್ಮರನೊಬ್ಬ ಇದನ್ನು ಮೊದಲ ಸಲ ಹೇಳುವಾಗ ಕೈ ಬಾಯಿ ಎರಡೂ ಕೈಕೊಡುವುದು ಖಂಡಿತ. ನಮ್ಮ ಮಕ್ಕಳಿಗೂ ಅಷ್ಟೇ ಅನ್ನಿ.

ಗಿಟಾರಿನವನಿಗೆ ಕಷ್ಟ ಎರಡು ಪಟ್ಟು. ತಾಳದ ಜೊತೆ ಸ್ವರವನ್ನು ತೂಗಿ ಬಳುಕಿಸುವ ಗಮಕವೂ ಇದೆ. ಗಿಟಾರಿನ ಮೆಟ್ಟಿಲುಗಳು ಸಪ್ತಕವನ್ನು ಸಮನಾದ ಹನ್ನೆರಡು ಪಾಲು ಮಾಡುತ್ತವೆ. ವೀಣೆಯಲ್ಲೂ 24 ಮೆಟ್ಟಿಲುಗಳಿವೆ, ಆದರೆ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಅಡ್ಡಕ್ಕೆ ಎಳೆದು ಮೂರು ನಾಲ್ಕು ಸ್ವರ ತೆಗೆಯಬಹುದು. ಗಿಟಾರಿನ ತಂತಿ ಬಿಗಿ, ಕುತ್ತಿಗೆ ಕಿರಿದು. ಅಷ್ಟು ದೂರ ಎಳೆಯಲು ಆಗುವುದಿಲ್ಲ. ಬ್ಲೂಸ್ ಗಿಟಾರಿಗರು ತಂತಿ ಎಳೆದು ಸ್ವರವನ್ನು ಬಾಗಿಸುವುದೂ ಗಮಕದ ದೂರದ ನೆಂಟನೇ. ಹೆಂಡ್ರಿಕ್ಸ್ ಮತ್ತು ಕರ್ನಾಟಕ ಸಂಗೀತ ಎರಡೂ ಕೂಡುವ ಜಾಗ ಇದೇ ಎಂದು ಕಂಡುಕೊಂಡವರು ಗಿಟಾರ್ ಪ್ರಸನ್ನ. 2006ರಲ್ಲಿ ಅವರು 'ಇಲೆಕ್ಟ್ರಿಕ್ ಗಣೇಶ ಲ್ಯಾಂಡ್' ಎಂಬ ಆಲ್ಬಂ ಮಾಡಿ ಹೆಂಡ್ರಿಕ್ಸ್‌ಗೆ ಅರ್ಪಿಸಿದರು.

ಗಿಟಾರಿನಿಂದ ಊದ್‌ಗೆ

ಬುಂಕಾ ಕಂಡುಕೊಂಡ ದಾರಿ ಬೇರೆ. ಮೊದಲು ತುರ್ಕಿಯ ಸಾಝ್, ಆಮೇಲೆ ಊದ್. ಸಾಝಿನ ಮೆಟ್ಟಿಲು ದಾರದಿಂದ ಕಟ್ಟಿದ್ದು, ಬೇಕಾದ ಕಡೆ ಸರಿಸಬಹುದು. ಊದ್‌ಗೆ ಮೆಟ್ಟಿಲೇ ಇಲ್ಲ. ಅರ್ಧ ಸೀಳಿದ ಮರಸೇಬಿನ (ಪೇರ್ ಹಣ್ಣಿನ) ಆಕಾರದ ಹೊಟ್ಟೆ, ಗಿಡ್ಡ ಕುತ್ತಿಗೆ, ಸಾಮಾನ್ಯವಾಗಿ ಐದು ಜೋಡಿ ಮತ್ತು ಒಂದು ಒಂಟಿ ತಂತಿ, ಒಟ್ಟು 11. ಮಕಾಮ್ ಎಂಬ ಅರಬ್ ರಾಗಗಳಲ್ಲಿ ಬರುವ ಕಾಲು ಸ್ವರಗಳನ್ನು ಬೆರಳಿಟ್ಟ ಜಾಗದಲ್ಲೇ ಪಡೆಯಬಹುದು. ಯುರೋಪಿನ ಲ್ಯೂಟ್ ಹುಟ್ಟಿದ್ದು ಇದರಿಂದಲೇ.

1980ರ ದಶಕದಿಂದ ಬುಂಕಾ ಈಜಿಪ್ಟಿನ ಕಡೆ ಹೆಚ್ಚು ಹೆಚ್ಚು ವಾಲಿದರು. ನುಬಿಯಾ ಮೂಲದ ಜನಪ್ರಿಯ ಗಾಯಕ ಮೊಹಮ್ಮದ್ ಮುನೀರ್ ಜೊತೆ ವರ್ಷಗಟ್ಟಲೆ ಗಿಟಾರ್ ನುಡಿಸಿದರು. 1995ರಲ್ಲಿ 'ಕಲರ್ ಮಿ ಕೈರೊ' ಬಂತು. ಪರದೇಶದವನೊಬ್ಬ ಊದ್ ಹಿಡಿದರೆ ಕೈರೋದವರು ಸುಲಭಕ್ಕೆ ತಲೆದೂಗುವವರಲ್ಲ. ಆದರೆ ಮುನೀರ್ ಹಾಡಿಗೆ ಸೇರುವ ಅಲ್ಲಿನ ಯುವಜನರಿಗೆ ಈ ಜರ್ಮನ್ ಗಿಟಾರಿಗ ಪರಿಚಿತ ಮುಖವಾಗಿದ್ದರು.

ಆದೋನಿ ಸೀಮೆಯಿಂದ ನೋಡಿದರೆ

ಈ ತಾಳದ ನಂಟು ಈಗ ಆಂಧ್ರದಲ್ಲಿರುವ ಆದೋನಿ ಸೀಮೆಗೂ ಇದೆ. ಗೋನೆಗಂಡ್ಲ, ಎಮ್ಮಿಗನೂರು, ಆದೋನಿ, ಆಲೂರು ಕಡೆಗೆ ಹಿಪ್ಪಿಗಳು ಬಂದು ತಂಗಿದ ಕಥೆ ಇಲ್ಲ. ಮುಂಬೈ–ಚೆನ್ನೈ ರೈಲು ಮಾರ್ಗ ರಾಯಚೂರು ದಾಟಿ ಮಂತ್ರಾಲಯಂ ರೋಡ್, ಕೋಸಿಗಿ, ಆದೋನಿ ಮೇಲೆ ಗುಂತಕಲ್ಲಿಗೆ ಹೋಗುತ್ತದೆ. ಹಂಪಿಗೆ ಹೋಗುವವರಿಗೆ ಅಲ್ಲಿ ಹೊಸಪೇಟೆ ಕಡೆಯ ರೈಲು. ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ ಮುಂದೆ ಹಿಪ್ಪಿ ದ್ವೀಪವೆಂದೇ ಹೆಸರಾಯಿತು. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರ ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟ್‌ಗಳನ್ನು ಕೆಡವಿದರು.

ಆದರೆ ಬುಂಕಾ ಅವರ ಗೆಳೆಯರು ಬೆಂಗಳೂರಿನಲ್ಲಿ ಕಲಿತ ಲೆಕ್ಕ ಈ ಸೀಮೆಗೆ ಹೊಸದೇನಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವು. ಆಲೂರು ಕಡೆಯ ಚಿಪ್ಪಗಿರಿಯಲ್ಲಿ ವಿಜಯದಾಸರ ಕಟ್ಟೆ ಇದೆ. 1755ರಲ್ಲಿ ಅವರು ಕಾಲವಾದದ್ದು ಅಲ್ಲೇ. ಹರಿದಾಸರಲ್ಲಿ ಸುಳಾದಿಗಳಿಗೆ ಹೆಸರಾದವರು ಅವರು. ಸುಳಾದಿ ಎಂದರೆ ಒಂದೇ ರಚನೆಯೊಳಗೆ ತಾಳ ಬದಲಾಗುತ್ತ ಹೋಗುವುದು. ಧ್ರುವಕ್ಕೆ 14, ಮಟ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಮ್ಯೂನಿಕ್‌ನ ಹುಡುಗರು ಬಸ್ಸು ಹತ್ತಿ ಹುಡುಕಿಕೊಂಡು ಬಂದ ಬಗೆಬಗೆಯ ತಾಳಗಳ ಸಾಲು ಹದಿನೆಂಟನೆಯ ಶತಮಾನದಲ್ಲೇ ಕನ್ನಡದ ಪದಗಳಲ್ಲಿ ಈ ಸೀಮೆಯಲ್ಲಿತ್ತು. ಇವತ್ತಿನ ಭಜನೆ ಮಂಡಳಿಗಳಲ್ಲಿ ಸುಳಾದಿ ಹೇಳುವವರು ಕಡಿಮೆ. ದೇವರನಾಮಕ್ಕೆ ಮಿಶ್ರಛಾಪು ಹಾಕಿ ಮೂರು–ನಾಲ್ಕರ ಏಳನ್ನು ತಾಳದಲ್ಲಿ ನಡೆಸುವವರು ಮಾತ್ರ ಬೇಕಾದಷ್ಟು ಮಂದಿ ಸಿಗುತ್ತಾರೆ. ಅವರಿಗೆ ಎಂಬ್ರಿಯೊ ಕೇಳಿಸಿದರೆ ಗಿಟಾರಿನ ಸದ್ದು ಹಿಡಿಸುತ್ತದೋ ಇಲ್ಲವೋ, ತಾಳವಂತೂ ತಪ್ಪುವುದಿಲ್ಲ.

ಕೊನೆಯ ವರ್ಷಗಳು, ಮತ್ತು ಕೇಳುವವರಿಗೆ

ಕ್ರಿಸ್ಟಿಯಾನ್ ಬುರ್ಚರ್ಡ್ 2018ರ ಜನವರಿಯಲ್ಲಿ ತೀರಿಕೊಂಡರು. ತಂಡ ನಿಲ್ಲಲಿಲ್ಲ, ಮಗಳು ಮಾರ್ಯಾ ಬುರ್ಚರ್ಡ್ ನಡೆಸುತ್ತಿದ್ದಾರೆ. ಬುಂಕಾ 2022ರ ಜೂನ್‌ನಲ್ಲಿ ಮ್ಯೂನಿಕ್‌ನಲ್ಲಿ ಕೊನೆಯುಸಿರೆಳೆದರು.

ಹೊಸದಾಗಿ ಕೇಳುವವರು 'ವಿ ಕೀಪ್ ಆನ್'ನಿಂದ ಶುರು ಮಾಡುವುದು ಒಳ್ಳೆಯದು, ಅದರಲ್ಲಿ ಗಿಟಾರಿಗ ಬುಂಕಾ ಸಿಗುತ್ತಾರೆ. ಆಮೇಲೆ 'ಎಂಬ್ರಿಯೋಸ್ ರೈಸೆ'. ಇದು ಏರುಪೇರಾದ ರೆಕಾರ್ಡ್. ಕೆಲವು ಕಡೆ ಪ್ರವಾಸಿಯ ಆಲ್ಬಮ್ಮಿನ ಹಾಗೆ ತುಣುಕು ತುಣುಕು, ಕೆಲವು ಕಡೆ ಬೆರಗು. 'ಜ್ಯೋತಿ'ಯಲ್ಲಿ ಬುಂಕಾ ಇಲ್ಲ, ಗಿಟಾರೂ ಇಲ್ಲ. ಆದರೂ ಮೂರರಲ್ಲಿ ಅದೇ ಮೇಲು. ಕಣ್ಣು ಮುಚ್ಚಿ ಕೂರಬೇಡಿ, ಕೈಯಲ್ಲಿ ತಾಳ ಹಾಕುತ್ತ ಕೇಳಿ.